ಬಾತುಬೇಟೆಗೆ ಸೆಮಿ-ಆಟೋ ಬಂದೂಕು: ಗ್ಯಾಸ್ ತಗೊಳ್ಳಲಾ, ಇನರ್ಷಿಯಾ ತಗೊಳ್ಳಲಾ?

ಹಾನಗಲ್ ಹುಡುಗ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ಇದು ನಮ್ಮೂರ ಕಡೆ ಬೇಟೆ ಆಡುವ ವಿಷಯ ಅಲ್ಲ. ನಾನು ಕೆಲಸ ಮಾಡುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಈಗ ರಜೆಗೆ ಊರಿಗೆ ಬಂದಿದ್ದೇನೆ. ವಾಪಸ್ ಹೋಗುವ ಹೊತ್ತಿಗೆ ಅಲ್ಲಿ ಬಾತಿನ ಸೀಸನ್ ಹತ್ತಿರ ಬಂದಿರುತ್ತದೆ, ಸೆಪ್ಟೆಂಬರ್ ಕೊನೆಗೆ ಶುರು. ಆಫೀಸಿನ ಗೆಳೆಯರು ಈ ಸಲ ನೀನೂ ಬಾ ಅಂತ ಕರೆಯುತ್ತಿದ್ದಾರೆ. ಜಾಸ್ತಿ ಬಾತು, ನಡುನಡುವೆ ಫೆಸೆಂಟ್ ಅನ್ನುವ ಕೋಳಿ ಜಾತಿಯ ಹಕ್ಕಿ.

ಬಂದೂಕು ನನಗೆ ಪೂರ್ತಿ ಹೊಸದಲ್ಲ. ಮನೆಯಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಡಬಲ್ ಬ್ಯಾರಲ್ ಇದೆ. ಅಪ್ಪ ಅದನ್ನು ಒರೆಸಿ ಎಣ್ಣೆ ಹಚ್ಚುವುದನ್ನು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಜಮಾ ಮಾಡಿ ಬರುವುದನ್ನು ನೋಡುತ್ತಲೇ ಬೆಳೆದವನು. ಆದರೆ ಸೆಮಿ-ಆಟೋ, ಅಂದರೆ ಒಂದು ಹೊಡೆದ ಕೂಡಲೇ ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಬಂದೂಕು, ಒಮ್ಮೆಯೂ ಕೈಯಲ್ಲಿ ಹಿಡಿದಿಲ್ಲ. ಒಬ್ಬ ಬೆರೆಟಾ ಎ300 ಅಂತಾನೆ, ಇನ್ನೊಬ್ಬ ಬೆನೆಲ್ಲಿ ಬಿಟ್ಟು ಬೇರೆ ನೋಡಲೇಬೇಡ ಅಂತಾನೆ, ಮೂರನೆಯವನು ಟರ್ಕಿಯಲ್ಲಿ ಮಾಡಿದ ಸ್ಟೋಗರ್ ಸಾಕು, ಉಳಿದ ದುಡ್ಡಲ್ಲಿ ತೋಟಾ ತಗೋ ಅಂತಾನೆ. ನನ್ನ ಬಜೆಟ್ ಸಾವಿರ ಡಾಲರ್ ಆಸುಪಾಸು. ಎತ್ತರ 5 ಅಡಿ 5 ಇಂಚು. ಈ ಗುಂಪಿನಲ್ಲಿ ಅಲ್ಲಿ ಇದ್ದು ಬಂದವರು, ಬಂದೂಕು ಬಲ್ಲವರು ಇದ್ದೀರಿ ಅಂತ ಗೊತ್ತು. ದಯವಿಟ್ಟು ಬಿಡಿಸಿ ಹೇಳಿ.

ಉಣಕಲ್ ಕಾಕಾ

ತಮ್ಮಾ, ಬಂದೂಕಿನ ಹೆಸರು ಆಮೇಲೆ ನೋಡೋಣ. ನಿನ್ನದು ಯಾವ ವೀಸಾ? ಎಚ್-1ಬಿ ಥರದ್ದಾಗಿದ್ದರೆ ಮೊದಲು ಅಂಗಡಿ ಕಡೆ ಕಾಲಿಡಬೇಡ. ಅಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಅದಕ್ಕೆ ಇರುವ ಮುಖ್ಯ ವಿನಾಯಿತಿ ಅಂದರೆ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಸ್ವಂತ ಬಂದೂಕು ಅಲ್ಲವಲ್ಲ, ಗೆಳೆಯನದು ತಾನೇ ಅಂತ ಕೈಗೆ ತಗೊಂಡರೂ ಅದೇ ನಿಯಮ. ಲೈಸೆನ್ಸಿನ ಅವಧಿ ಮುಗಿದು ಬಂದೂಕು ಮನೆಯಲ್ಲೇ ಉಳಿದರೆ ಅದೂ ತಪ್ಪು, ಆದ್ದರಿಂದ ನವೀಕರಿಸುವ ದಿನ ಮರೆಯಬಾರದು.

ಮಿನ್ನೆಸೋಟಾದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ ಬಂದೂಕಿನ ಬೇಟೆಗೆ ಲೈಸೆನ್ಸ್ ಬೇಕಾದರೆ ಸೇಫ್ಟಿ ಕೋರ್ಸಿನ ಸರ್ಟಿಫಿಕೇಟ್ ಬೇಕು. ದೊಡ್ಡವರಿಗೆ ಆನ್‌ಲೈನ್‌ನಲ್ಲೇ ಆಗುತ್ತದೆ. ರಜೆ ಇರುವಾಗಲೇ ಓದಲು ಶುರು ಮಾಡು. ಅದರ ಜೊತೆಗೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ (ಬಾತುಬೇಟೆಗೆ ಲೈಸೆನ್ಸಿನ ಜೊತೆ ಕೊಳ್ಳಬೇಕಾದ ಚೀಟಿ), ರಾಜ್ಯದ ಬಾತಿನ ಸ್ಟ್ಯಾಂಪ್, ಫೆಸೆಂಟ್ ಸ್ಟ್ಯಾಂಪ್, ಎಲ್ಲ ಬೇರೆ ಬೇರೆ.

ಇನ್ನು ಬಂದೂಕು. ನಾನು ಡಕೋಟಾ ಕಡೆ ಬಹಳ ವರ್ಷ ಇದ್ದು ಬಂದವನು. ಅಲ್ಲಿ ನೋಡಿದ್ದು ಒಂದೇ: ಜನ ಕಂಪನಿ ಹೆಸರಿಗೆ ಜಗಳ ಆಡುತ್ತಾರೆ, ಬಂದೂಕು ತಮ್ಮ ಮೈಗೆ ಕೂಡುತ್ತದೋ ಇಲ್ಲವೋ ನೋಡುವುದೇ ಇಲ್ಲ. ಚರೆ (ಸಣ್ಣ ಸಣ್ಣ ಗುಂಡು) ಹಾರಿಸುವ ಬಂದೂಕಿಗೆ ರೈಫಲ್ ಥರ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಕಂಡಿ, ಇರುವುದಿಲ್ಲ. ನಿನ್ನ ಕಣ್ಣೇ ಹಿಂದಿನ ಸೈಟ್. ಬಟ್, ಅಂದರೆ ಹೆಗಲಿಗೆ ಒತ್ತುವ ಹಿಂಭಾಗ, ಉದ್ದ ಜಾಸ್ತಿಯಾದರೆ, ಕೆನ್ನೆ ಇಡುವ ಜಾಗ ಮೇಲೆ ಕೆಳಗೆ ಆದರೆ, ಆ ಕಣ್ಣಿನ ಜಾಗವೇ ತಪ್ಪುತ್ತದೆ. ಆಗ ಎಷ್ಟು ಸಾವಿರ ಕೊಟ್ಟರೂ ಹಕ್ಕಿ ಹಾರಿಹೋಗುತ್ತದೆ.

ಅಂಗಡಿಯಲ್ಲಿ ಹೀಗೆ ಮಾಡು. ಬಂದೂಕು ಖಾಲಿ ಇದೆಯೆಂದು ಅಂಗಡಿಯವನೂ ನೋಡಲಿ, ನೀನೂ ನೋಡು. ಗೋಡೆಯ ಮೇಲಿನ ಮೂಲೆಯಲ್ಲಿ ಒಂದು ಗುರುತು ಹಿಡಿ. ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೆ ತಂದು ಕೆನ್ನೆ ಇಡು. ಈಗ ಕಣ್ಣು ತೆರೆ. ನಳಿಗೆ ಮೇಲಿನ ಪಟ್ಟಿ ಒಂದು ಗೆರೆಯಂತೆ ಕಂಡು, ತುದಿಯ ಮಣಿ ಅದರ ಮೇಲೆ ನೇರ ಕೂತಿದ್ದರೆ ಆ ಬಂದೂಕು ನಿನ್ನದು. ಪಟ್ಟಿ ಇಳಿಜಾರಾಗಿ ಪೂರ್ತಿ ಉದ್ದ ಕಂಡರೆ ಕಣ್ಣು ಮೇಲಿದೆ. ಮಣಿಯೇ ಕಾಣದೆ ಬಂದೂಕಿನ ಬೆನ್ನು ಅಡ್ಡ ಬಂದರೆ ಕಣ್ಣು ಕೆಳಗಿದೆ. ಇದನ್ನು ಅಂಗಿಯಲ್ಲಿ ಮಾಡಬೇಡ, ಬೇಟೆಗೆ ಹಾಕುವ ದಪ್ಪ ಜಾಕೆಟ್ ಹಾಕಿಕೊಂಡು ಮಾಡು. ಅಂಗಿಯಲ್ಲಿ ಸರಿ ಇದ್ದ ಬಟ್ ಜಾಕೆಟ್ ಮೇಲೆ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆಟಗೇರಿ ಲೇಥ್

ಕಾಕಾ ಹೇಳಿದ್ದು ಸರಿ, ಆದರೆ ಹುಡುಗ ಕೇಳಿದ ಪ್ರಶ್ನೆಗೂ ಉತ್ತರ ಬೇಕಲ್ಲ. ಗ್ಯಾಸ್ ಮತ್ತು ಇನರ್ಷಿಯಾ ಅಂದರೆ ಏನು ಅಂತ ನಾನು ಹೇಳ್ತೀನಿ. ಯಂತ್ರದ ಕೆಲಸ ನನ್ನ ಅನ್ನ, ಇದು ನನಗೆ ಇಷ್ಟದ ವಿಷಯ.

ಗ್ಯಾಸ್ ಬಂದೂಕಿನಲ್ಲಿ ನಳಿಗೆಯ ಕೆಳಭಾಗಕ್ಕೆ ಸಣ್ಣ ತೂತುಗಳಿರುತ್ತವೆ. ತೋಟಾ ಸಿಡಿದಾಗ ಹುಟ್ಟಿದ ಅನಿಲದಲ್ಲಿ ಸ್ವಲ್ಪ ಭಾಗ ಆ ತೂತಿನಿಂದ ಇಳಿದು ಒಂದು ಪಿಸ್ಟನ್ ದೂಡುತ್ತದೆ. ಪಿಸ್ಟನ್ ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಮುಚ್ಚಿಕೊಳ್ಳುವ ಲೋಹದ ತುಂಡನ್ನು, ಹಿಂದಕ್ಕೆ ಒಯ್ಯುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ, ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ತರುವಾಗ ಹೊಸ ತೋಟಾ ಒಳಗೆ ಹೋಗುತ್ತದೆ. ಹೊಡೆತದ ಶಕ್ತಿ ಹೆಗಲಿಗೆ ಒಂದೇ ಏಟಿಗೆ ಬರದೆ ಹರಡಿಕೊಂಡು ಬರುತ್ತದೆ, ಅದಕ್ಕೇ ಒದೆತ ಮೆತ್ತಗೆ. ಬೆರೆಟಾ ಎ300, ಎ400, ಹಳೆಯ ರೆಮಿಂಗ್ಟನ್ 1100, ಎಲ್ಲ ಈ ಜಾತಿ. ತೊಂದರೆ ಅಂದರೆ ಅದೇ ಅನಿಲ ಮಸಿಯನ್ನೂ ತರುತ್ತದೆ. ಪಿಸ್ಟನ್ ಮೇಲೆ ಕಪ್ಪು ಕಟ್ಟುತ್ತದೆ. ತೊಳೆಯದೆ ಬಿಟ್ಟರೆ ಒಂದು ದಿನ ನಿಲ್ಲುತ್ತದೆ.

ಇನರ್ಷಿಯಾದಲ್ಲಿ ತೂತೂ ಇಲ್ಲ, ಪಿಸ್ಟನ್ನೂ ಇಲ್ಲ. ಬೋಲ್ಟಿನ ತಲೆಗೂ ದೇಹಕ್ಕೂ ನಡುವೆ ಒಂದು ಗಟ್ಟಿ ಗಿಡ್ಡ ಸ್ಪ್ರಿಂಗ್ ಇದೆ. ಗುಂಡು ಹಾರಿದಾಗ ಪೂರ್ತಿ ಬಂದೂಕು ಹಿಂದಕ್ಕೆ ಬರುತ್ತದೆ, ಆದರೆ ಬೋಲ್ಟಿನ ಭಾರದ ದೇಹ ಇದ್ದಲ್ಲೇ ಇರಲು ನೋಡುತ್ತದೆ. ಹುಬ್ಬಳ್ಳಿ ಸಿಟಿ ಬಸ್ ತಟ್ಟನೆ ಮುಂದೆ ಎಳೆದಾಗ ನಿಂತವರು ಹಿಂದೆ ವಾಲುತ್ತಾರಲ್ಲ, ಅದೇ ಲೆಕ್ಕ. ನಡುವೆ ಸಿಕ್ಕ ಸ್ಪ್ರಿಂಗ್ ಅದುಮಿಕೊಂಡು, ಮರುಕ್ಷಣ ಬಿಚ್ಚಿಕೊಳ್ಳುವಾಗ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬೆನೆಲ್ಲಿ, ಫ್ರಾಂಕಿ ಅಫಿನಿಟಿ, ಸ್ಟೋಗರ್ ಎಂ3000, ಮೂರರದ್ದೂ ಇದೇ ತತ್ವ. ಹಗುರ, ಒಳಗೆ ಮಸಿ ಕಡಿಮೆ, ಬಿಚ್ಚಿ ತೊಳೆಯುವ ಭಾಗಗಳೂ ಕಡಿಮೆ. ಆದರೆ ಒದೆತ ಜಾಸ್ತಿ. ಬಂದೂಕು ಹಿಂದಕ್ಕೆ ಸರಿಯಲೇಬೇಕು, ಅದಕ್ಕೆ ಸರಿಯಲು ಬಿಡದೆ ಗಟ್ಟಿ ಆಸರೆಗೆ ಒತ್ತಿ ಹೊಡೆದರೆ, ಇಲ್ಲವೇ ತೀರಾ ಹಗುರ ತೋಟಾ ಹಾಕಿದರೆ, ಬೋಲ್ಟ್ ಪೂರ್ತಿ ಹಿಂದೆ ಹೋಗಿ ಬರದೆ ನಿಲ್ಲಬಹುದು.

ಇನ್ನೊಂದು ಮಾತು. ಇವೆರಡಕ್ಕಿಂತ ಹಳೆಯದು ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಆಟೋ-5. ಅದರಲ್ಲಿ ನಳಿಗೆಯೇ ಬೋಲ್ಟಿನ ಜೊತೆ ಹಿಂದೆ ಹೋಗಿ ಬರುತ್ತದೆ. 1998ರ ತನಕ ಅದನ್ನು ಮಾಡುತ್ತಲೇ ಇದ್ದರು. ಒಂದು ಯಂತ್ರ ಅಷ್ಟು ವರ್ಷ ಹೆಚ್ಚು ಬದಲಾಗದೆ ನಡೆದಿದೆ ಅಂದರೆ ಆ ಮನುಷ್ಯನ ತಲೆಗೆ ಕೈ ಮುಗಿಯಬೇಕು.

ಕೇಶ್ವಾಪುರ ಟು ಟೆಕ್ಸಾಸ್

ತಮ್ಮಾ, ಒಂದೇ ಸಲ ಖರ್ಚು ಮಾಡು. ಬೆನೆಲ್ಲಿ ಸೂಪರ್ ಬ್ಲ್ಯಾಕ್ ಈಗಲ್ 3 ತಗೋ, ಮೂರೂವರೆ ಇಂಚಿನ ಚೇಂಬರ್ (ತೋಟಾ ಕೂರುವ ಜಾಗ). ಬಾತಿಗೂ ಆಯ್ತು, ಹೆಬ್ಬಾತಿಗೂ ಆಯ್ತು. ನನ್ನದು ಕೆಸರಲ್ಲಿ ಬಿದ್ದಿದೆ, ಮಳೆಯಲ್ಲಿ ನೆನೆದಿದೆ, ಒಮ್ಮೆಯೂ ಕೈ ಕೊಟ್ಟಿಲ್ಲ. ನಿನ್ನ ಬಜೆಟ್ಟಿಗಿಂತ ಬಹಳ ಮೇಲೆ ಹೋಗುತ್ತದೆ, ಗೊತ್ತು. ಆದರೂ ಸೆಕೆಂಡ್ ಹ್ಯಾಂಡ್ ಹುಡುಕು.

ಉಣಕಲ್ ಕಾಕಾ

ಬಂದೂಕು ಒಳ್ಳೆಯದೇ, ಅದಕ್ಕೆ ಎರಡು ಮಾತಿಲ್ಲ. ಮೂರೂವರೆ ಇಂಚಿನ ತೋಟಾಕ್ಕೆ ಮಾತ್ರ ನನ್ನ ವಿರೋಧ. ಹಗುರ ಬಂದೂಕು, ಭಾರಿ ತೋಟಾ, ಹೊಸ ಹುಡುಗ, ಮೂರೂ ಸೇರಿದರೆ ನಾಲ್ಕು ತೋಟಾ ಆಗುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಚಟ ಅಂಟಿಕೊಳ್ಳುತ್ತದೆ. ಆ ಚಟ ಬಿಡಿಸುವುದು ಬಹಳ ಕಷ್ಟ. ಮೂರು ಇಂಚಿನ ಚೇಂಬರ್ ಬಾತಿಗೆ ಧಾರಾಳ ಸಾಕು. ಅದರಲ್ಲಿ ಎರಡೂಮುಕ್ಕಾಲು ಇಂಚಿನದೂ ನಡೆಯುತ್ತದೆ, ಕ್ಲೇ (ಗಾಳಿಯಲ್ಲಿ ಹಾರಿಸುವ ಗುರಿ ಬಿಲ್ಲೆ) ಹೊಡೆದು ಅಭ್ಯಾಸ ಮಾಡಲು ಅದೇ ಬೇಕು.

ಇದೇ ಬಜೆಟ್ಟಿನಲ್ಲಿ ನನ್ನ ಕೈ ಬೆರೆಟಾ ಎ300 ಅಲ್ಟಿಮಾ ಕಡೆ ಹೋಗುತ್ತದೆ. ಗ್ಯಾಸ್, ಮೂರು ಇಂಚು, ಅಮೆರಿಕದ ಟೆನೆಸ್ಸಿಯಲ್ಲೇ ತಯಾರಾಗುತ್ತದೆ, ಬಿಡಿಭಾಗ ಸಿಗುತ್ತದೆ. ಇನರ್ಷಿಯಾನೇ ಬೇಕು ಅನ್ನಿಸಿದರೆ ಫ್ರಾಂಕಿ ಅಫಿನಿಟಿ 3 ಕೈಯಲ್ಲಿ ಹಿಡಿದು ನೋಡು. ಸ್ಟೋಗರ್ ಕೆಟ್ಟದ್ದಲ್ಲ. ಹೊಸದರಲ್ಲಿ ಸ್ವಲ್ಪ ಬಿಗಿ ಇರುತ್ತದೆ. ಮೊದಲು ಭಾರದ ತೋಟಾ ಹಾಕಿ ಸಡಿಲ ಆಗಲು ಬಿಟ್ಟು ಆಮೇಲೆ ಹಗುರದ್ದಕ್ಕೆ ಬರಬೇಕು.

ಸಪ್ತಾಪುರದ ಅಕ್ಕ

ನಾನು ಓಹಾಯೋದಲ್ಲಿ ಇದ್ದೀನಿ, ಧಾರವಾಡದವಳು. ನನ್ನ ಎತ್ತರ ನಿನಗಿಂತ ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ. ಅಮೆರಿಕದ ಬಂದೂಕುಗಳ ಬಟ್ ಸಾಮಾನ್ಯವಾಗಿ 14 ಇಂಚು, ಅದರ ಮೇಲೆ ಸ್ವಲ್ಪ ಇರುತ್ತದೆ. ಅದು ಆರಡಿ ಗಂಡಸರಿಗೆ ಸರಿ. ನಮ್ಮಂಥವರಿಗೆ ಅದೇ ದೊಡ್ಡ ಕಾಟ. ನಾನು ಬಹಳ ದಿನ ನನ್ನ ಗುರಿಯೇ ಕೆಟ್ಟದು ಅಂದುಕೊಂಡಿದ್ದೆ, ಕ್ಲಬ್ಬಿನ ಹಿರಿಯರೊಬ್ಬರು ಬಟ್ ಹಿಂದಿನ ರಬ್ಬರ್ ಪ್ಯಾಡ್ ಬಿಚ್ಚಿ ತೆಳ್ಳನೆಯದು ಹಾಕಿಕೊಟ್ಟರು, ಅವತ್ತಿನಿಂದ ಕ್ಲೇ ಒಡೆಯಲು ಶುರುವಾಯಿತು. ಈಗಿನ ಸೆಮಿ-ಆಟೋಗಳ ಜೊತೆ ಶಿಮ್ ಅಂತ ಪುಟ್ಟ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ಬಟ್ ಮತ್ತು ರಿಸೀವರ್ (ಬೋಲ್ಟ್ ಇರುವ ನಡುಭಾಗ) ನಡುವೆ ಅದನ್ನು ಬದಲಿಸಿ ಬಟ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾಡಬಹುದು. ಜನ ಆ ಪೊಟ್ಟಣ ಬಿಚ್ಚುವುದೇ ಇಲ್ಲ!

20 ಗೇಜ್ ಕೂಡ ಯೋಚನೆ ಮಾಡು, 12ಕ್ಕಿಂತ ಸಣ್ಣ ನಳಿಗೆಯದು. ನಾನು ಅದನ್ನೇ ಬಳಸುವುದು. ಹಗುರ, ಫೆಸೆಂಟ್ ಹಿಂದೆ ದಿನವಿಡೀ ಹುಲ್ಲಲ್ಲಿ ನಡೆಯಲು ಬಹಳ ಆರಾಮ.

ಉಣಕಲ್ ಕಾಕಾ

ಅಕ್ಕಾವ್ರು ಹೇಳಿದ್ದು ಫೆಸೆಂಟಿಗೆ ನೂರಕ್ಕೆ ನೂರು ಸರಿ. ಬಾತು ಜಾಸ್ತಿ ಅಂದಿದ್ದಾನಲ್ಲ, ಅದಕ್ಕೆ ನಾನು 12ಕ್ಕೇ ನಿಲ್ಲುತ್ತೇನೆ. ಕಾರಣ ಚರೆ. ಅಮೆರಿಕದಲ್ಲಿ 1991ರಿಂದ ಬಾತುಬೇಟೆಗೆ ಸೀಸದ ಚರೆ ಬಳಸುವಂತಿಲ್ಲ, ಉಕ್ಕಿನಂಥ ವಿಷವಿಲ್ಲದ ಚರೆ ಬೇಕು. ಉಕ್ಕು ಸೀಸಕ್ಕಿಂತ ಹಗುರ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ಇದ್ದರೆ ಉಕ್ಕು 7.8 ಗ್ರಾಂ. ಅದಕ್ಕೆ ಎರಡು ನಂಬರ್ ದಪ್ಪ ಚರೆ ತಗೋಬೇಕು, ಸೀಸದಲ್ಲಿ 4 ನಂಬರ್ ಹೊಡೆಯುವಲ್ಲಿ ಉಕ್ಕಿನಲ್ಲಿ 2 ನಂಬರ್ (ನಂಬರ್ ಕಡಿಮೆಯಾದಷ್ಟೂ ಚರೆ ದಪ್ಪ). ದಪ್ಪ ಚರೆ ಅಂದರೆ ಒಂದು ತೋಟಾದಲ್ಲಿ ಕಾಳು ಕಡಿಮೆ. ಅಷ್ಟು ಕಾಳು ತುಂಬಲು 12ರ ದೊಡ್ಡ ತೋಟಾನೇ ಅನುಕೂಲ.

ಚೋಕ್, ಅಂದರೆ ಚರೆ ಹರಡುವುದನ್ನು ಹಿಡಿತದಲ್ಲಿಡಲು ನಳಿಗೆ ತುದಿಗೆ ಹಾಕುವ ಕೊಳವೆ, ಅದರ ವಿಷಯದಲ್ಲಿ ಹುಷಾರು. ಉಕ್ಕು ಗಟ್ಟಿ, ಸೀಸದಂತೆ ಅದುಮಿಕೊಳ್ಳುವುದಿಲ್ಲ. ತುದಿ ಬಿಗಿಯಾದ ಫುಲ್ ಚೋಕಿನಿಂದ ದಪ್ಪ ಉಕ್ಕಿನ ಚರೆ ಹೊಡೆಯಬಾರದು, ನಳಿಗೆ ತುದಿ ಉಬ್ಬುತ್ತದೆ. ಅದಕ್ಕಿಂತ ಸಡಿಲವಾದ ಮಾಡಿಫೈಡ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಚೋಕ್ ಹಾಕು. ಆಮೇಲೆ 40 ಗಜದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು, ಕಾಳು ಜಾಸ್ತಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ಒಳಗಿನ ತೂತು ಎಣಿಸು. ಖಾಲಿ ಜಾಗ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಒಂದೇ ಚೋಕ್, ಒಂದೇ ಬಂದೂಕು, ತೋಟಾದ ಕಂಪನಿ ಬದಲಾದರೆ ಆ ಚಿತ್ರವೇ ಬದಲಾಗುತ್ತದೆ.

ಶಿರಹಟ್ಟಿ ಶೇಂಗಾ

ಓದ್ತಾ ಇದ್ದೆ. ನಮ್ಮ ಹೊಲ ಮಾಗಡಿ ಕೆರೆಯ ಹತ್ತಿರ. ನವೆಂಬರ್ ಬಂತೆಂದರೆ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ, ಕತ್ತಲಾದರೆ ಹೊಲಕ್ಕೆ. ಕಡಲೆ, ಶೇಂಗಾ ಏನೂ ಬಿಡುವುದಿಲ್ಲ. ನಷ್ಟ ನಮಗೆ, ಫೋಟೋ ಬಂದವರಿಗೆ. ಹಂಗಂತ ಯಾರೂ ಅವಕ್ಕೆ ಕಲ್ಲು ಹೊಡೆಯಲ್ಲ. 2024ರಲ್ಲಿ ಕೆರೆ ರಾಮ್ಸಾರ್ ಅನ್ನುವ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಊರಿಗೆ ಹೆಮ್ಮೆ ಅದು.

ನನ್ನ ಪ್ರಶ್ನೆ ಬೇರೆ. ಅಲ್ಲಿ ಸೀಸ ಯಾಕೆ ನಿಲ್ಲಿಸಿದರು? ಮತ್ತೆ ಬೇಟೆಯವರೇ ಸ್ಟ್ಯಾಂಪ್ ಕೊಳ್ಳುವುದು ಅಂದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ?

ಉಣಕಲ್ ಕಾಕಾ

ಒಳ್ಳೆ ಪ್ರಶ್ನೆ. ಬಾತುಗಳು ಕಾಳು ಅರೆಯಲು ಹೊಟ್ಟೆಗೆ ಸಣ್ಣ ಹರಳು ನುಂಗುತ್ತವೆ. ಕೆರೆ ತಳದಲ್ಲಿ ಬಿದ್ದ ಸೀಸದ ಚರೆಯನ್ನೂ ಹರಳೆಂದೇ ನುಂಗುತ್ತಿದ್ದವು. ಅದು ಒಳಗೆ ಅರೆದು ರಕ್ತಕ್ಕೆ ಸೇರಿ ವಿಷ. ಆ ಬಾತನ್ನು ತಿಂದ ಹದ್ದುಗಳಿಗೂ ವಿಷ. ಗುರಿ ತಪ್ಪಿದ ಚರೆಯೂ ಆಮೇಲೆ ಕೊಲ್ಲುತ್ತಿತ್ತು ಅಂತಲೇ ನಿಷೇಧ.

ಡಕ್ ಸ್ಟ್ಯಾಂಪ್ 1934ರಿಂದ ಇದೆ. ಡಾಲರಿಗೆ 98 ಸೆಂಟ್ ಜೌಗು ನೆಲ ಕೊಳ್ಳಲು, ಇಲ್ಲವೇ ರೈತರ ನೆಲವನ್ನು ಹಕ್ಕಿಗಳಿಗಾಗಿ ಒಪ್ಪಂದದ ಮೇಲೆ ಪಡೆಯಲು ಹೋಗುತ್ತದೆ. ಬೇಟೆ ಆಡದವರೂ ಹಕ್ಕಿ ಪ್ರೀತಿಗೆ ಕೊಳ್ಳುತ್ತಾರೆ. ರೈತನ ಕೈಗೂ ದುಡ್ಡು ಸೇರುತ್ತದಲ್ಲ, ಅದು ನನಗೆ ಬಹಳ ಸರಿ ಅನ್ನಿಸಿದ್ದು. ಮಾಗಡಿ ಸುತ್ತ ಕಡಲೆ ಹಾಕಿದವರಿಗೂ ಅಂಥದ್ದೊಂದು ಬೇಕು.

ಹಾನಗಲ್ ಹುಡುಗ

ಕಾಕಾ, ಅಣ್ಣಾ, ಅಕ್ಕಾ, ಎಲ್ಲರಿಗೂ ಧನ್ಯವಾದ. ಎರಡು ಸಂಶಯ ಉಳಿದಿವೆ. ಮುಂದೆ ಊರಿಗೇ ವಾಪಸ್ ಬಂದರೆ ಆ ಬಂದೂಕು ತರಬಹುದಾ? ಮತ್ತೆ ಡಬಲ್ ಬ್ಯಾರಲ್ ರೂಢಿ ಇರುವವನಿಗೆ ಸೆಮಿ-ಆಟೋದಲ್ಲಿ ಯಾವುದಕ್ಕೆ ಹೆದರಬೇಕು?

ಬೆಟಗೇರಿ ಲೇಥ್

ತರುವ ಆಸೆ ಬಿಡು. ನಮ್ಮಲ್ಲಿ ಸೆಮಿ-ಆಟೋ ನಿರ್ಬಂಧಿತ ವರ್ಗದಲ್ಲಿದೆ, ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು. ತಂದರೂ ಹಕ್ಕಿ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಗೌಜಲಕ್ಕಿ ಹೊಡೆದರೂ ಕೇಸು. ಬರುವಾಗ ಅಲ್ಲೇ ಮಾರಿ ಬಾ.

ಉಣಕಲ್ ಕಾಕಾ

ಎರಡನೆಯದಕ್ಕೆ ನಾನು ಹೇಳ್ತೀನಿ, ಇದನ್ನು ಎರಡು ಸಲ ಓದು. ಡಬಲ್ ಬ್ಯಾರಲ್ ಮುರಿದು ಹಿಡಿದರೆ ಖಾಲಿ ಇದೆಯೆಂದು ಹತ್ತು ಮಾರು ದೂರದವರಿಗೂ ಕಾಣುತ್ತದೆ. ಸೆಮಿ-ಆಟೋ ತುಂಬಿದ್ದರೂ ಖಾಲಿ ಇದ್ದರೂ ಹೊರಗಿನಿಂದ ಒಂದೇ ಥರ. ಒಂದು ಹೊಡೆದ ತಕ್ಷಣ ಮುಂದಿನದು ಚೇಂಬರಿನಲ್ಲಿ ಸಿದ್ಧ. ಹಕ್ಕಿ ಬಿತ್ತೆಂಬ ಖುಷಿಯಲ್ಲಿ ಜನ ಅದನ್ನು ಮರೆಯುತ್ತಾರೆ. ಮೊದಲು ಟ್ರಿಗರ್ ತಡೆಯುವ ಸೇಫ್ಟಿ ಒತ್ತು, ಆಮೇಲೆ ಹೆಜ್ಜೆ. ಬೇಲಿ ದಾಟುವ ಮೊದಲು, ದೋಣಿ ಹತ್ತುವ ಮೊದಲು ಪೂರ್ತಿ ಖಾಲಿ ಮಾಡಿ ಬೋಲ್ಟ್ ತೆರೆದಿಡು. ಬೋಲ್ಟ್ ಎಳೆದು ಒಂದು ತೋಟಾ ತೆಗೆದರೆ ಖಾಲಿ ಆಗಲ್ಲ, ನಳಿಗೆ ಕೆಳಗೆ ತೋಟಾ ತುಂಬಿಡುವ ಕೊಳವೆಯಲ್ಲಿ ಇನ್ನೂ ಇರುತ್ತವೆ. ಚೇಂಬರಿಗೆ ಕಿರುಬೆರಳು ಹಾಕಿ ನೋಡು.

ಬಾತುಬೇಟೆಯಲ್ಲಿ ಬಂದೂಕಿನಲ್ಲಿ ಒಟ್ಟು ಮೂರೇ ತೋಟಾ ಇರಬೇಕು, ಚೇಂಬರಿನದೂ ಸೇರಿ. ಅದಕ್ಕೆ ಕೊಳವೆಯೊಳಗೆ ಪ್ಲಗ್ ಅಂತ ಒಂದು ಕಡ್ಡಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಹಳೆಯ ಮಾಲೀಕ ಅದನ್ನು ತೆಗೆದಿರಬಹುದು. ಕೊಳವೆಗೆ ಎರಡಕ್ಕಿಂತ ಹೆಚ್ಚು ಹೋಗುತ್ತದಾ ಅಂತ ಮನೆಯಲ್ಲೇ ಡಮ್ಮಿ ತೋಟಾ ಹಾಕಿ ನೋಡು.

ಚಳಿಗೆ ಎಣ್ಣೆ ಕಡಿಮೆ ಹಚ್ಚು, ತೆಳು ಎಣ್ಣೆ ಹಚ್ಚು. ಅಪ್ಪ ಊರಲ್ಲಿ ಹಚ್ಚುವಷ್ಟು ಹಚ್ಚಿದರೆ ಮಿನ್ನೆಸೋಟಾದ ನವೆಂಬರಿನಲ್ಲಿ ಅದು ಗಟ್ಟಿಯಾಗಿ ಬೋಲ್ಟ್ ನಿಧಾನ ಆಗುತ್ತದೆ. ಇನರ್ಷಿಯಾ ಕೊಂಡರೆ ಇನ್ನೊಂದು: ಶಬ್ದ ಆಗದಿರಲಿ ಅಂತ ಬೋಲ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಬೇಡ. ತಲೆ ಪೂರ್ತಿ ತಿರುಗದೆ ನಿಲ್ಲುತ್ತದೆ, ಟ್ರಿಗರ್ ಎಳೆದರೆ ಬರೀ ಟಕ್ ಅನ್ನುತ್ತದೆ.

ಅಂದಹಾಗೆ ನಿನ್ನ ಯಾವ ಕಣ್ಣು ಜೋರು ಅಂತ ನೋಡಿಕೊಂಡಿದ್ದೀಯಾ? ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಹೆಬ್ಬೆರಳು ಅಡ್ಡ ಹಿಡಿ. ಒಂದೊಂದೇ ಕಣ್ಣು ಮುಚ್ಚು. ಯಾವ ಕಣ್ಣು ತೆರೆದಾಗ ಹೆಬ್ಬೆರಳು ಕಂಬದ ಮೇಲೇ ಉಳಿಯುತ್ತದೋ ಅದು ಜೋರು ಕಣ್ಣು.

ಹಾನಗಲ್ ಹುಡುಗ

ಕಾಕಾ, ಮಾಳಿಗೆ ಮೇಲೆ ನಿಂತು ಎದುರಿನ ಲೈಟ್ ಕಂಬಕ್ಕೆ ಮಾಡಿದೆ. ಎಡಗಣ್ಣು! ನಾನು ಬಲಗೈಯವನು. ಮತ್ತೆ ಮತ್ತೆ ಮಾಡಿದರೂ ಅದೇ. ಈಗ ಏನು ಮಾಡೋದು?

ಸಪ್ತಾಪುರದ ಅಕ್ಕ

ಹೆದರಬೇಡ, ನನ್ನದೂ ಅದೇ. ನಿನ್ನ ಮುಂದೆ ಎರಡು ದಾರಿ ಇವೆ. ಒಂದು, ಎಡ ಹೆಗಲಿನಿಂದ ಹೊಡೆಯಲು ಕಲಿಯುವುದು. ಹೊಸಬನಾದ್ದರಿಂದ ಹಳೆ ಚಟ ಇಲ್ಲ, ಬೇಗ ಬರುತ್ತದೆ. ಆಗ ಖಾಲಿ ತೋಟಾ ಎಡಕ್ಕೆ ಬೀಳುವ ಎಡಗೈ ಬಂದೂಕು ಒಳ್ಳೆಯದು. ಬಲಗೈಯದರಲ್ಲಿ ತೋಟಾ ನಿನ್ನ ಮುಖದ ಮುಂದೆಯೇ ಹಾದುಹೋಗುತ್ತದೆ. ಎಡಗೈ ಮಾಡೆಲ್ ಎಲ್ಲದರಲ್ಲೂ ಸಿಗಲ್ಲ. ಬೆನೆಲ್ಲಿ ಎಂ2 ಮತ್ತು ಸೂಪರ್ ಬ್ಲ್ಯಾಕ್ ಈಗಲ್‌ನಲ್ಲಿ ಇದೆ, ಬೆಲೆ ಜಾಸ್ತಿ. ಇನ್ನೊಂದು ದಾರಿ, ಬಲ ಹೆಗಲಲ್ಲೇ ಇದ್ದು ಎಡಗಣ್ಣನ್ನು ಸ್ವಲ್ಪ ಮಂಕು ಮಾಡುವುದು. ನಾನು ಮಾಡಿದ್ದು ಅದೇ.

ಉಣಕಲ್ ಕಾಕಾ

ಹಂಗಾದರೆ ನಾನು ಹೇಳಿದ ಬೆರೆಟಾನೂ ಈಗಲೇ ಕೊಳ್ಳಬೇಡ ತಮ್ಮಾ. ಲೈಸೆನ್ಸ್ ಕೈಗೆ ಬಂದಮೇಲೆ ಕ್ಲೇ ರೇಂಜಿಗೆ ಹೋಗು, ಬಾಡಿಗೆ ಬಂದೂಕಿನಲ್ಲಿ ಎರಡೂ ಹೆಗಲು ನೋಡು. ಯಾವ ಹೆಗಲು ಅಂತ ಗಟ್ಟಿಯಾದ ಮೇಲೆ ಅಂಗಡಿ. ಈ ಸೀಸನ್ನಿನ ಮೊದಲ ವಾರ ತಪ್ಪಿದರೂ ಪರವಾಗಿಲ್ಲ, ಸೀಸನ್ ಬಹಳ ದಿನ ಇರುತ್ತದೆ.

ಹಾನಗಲ್ ಹುಡುಗ

ಆಯ್ತು ಕಾಕಾ. ಕೋರ್ಸ್ ಇವತ್ತೇ ಶುರು ಮಾಡಿದೆ. ಬಲ ಹೆಗಲನ್ನೇ ಮೊದಲು ನೋಡ್ತೀನಿ. ಅಕ್ಕಾ, ಕಣ್ಣು ಮಂಕು ಮಾಡುವುದು ಹೇಗೆ? ಪೂರ್ತಿ ಮುಚ್ಚಬೇಕಾ?

ಸಪ್ತಾಪುರದ ಅಕ್ಕ

ಮುಚ್ಚಬೇಡ, ದೂರದ ಅಂದಾಜು ಕೆಡುತ್ತದೆ. ಶೂಟಿಂಗ್ ಕನ್ನಡಕದ ಎಡ ಗಾಜಿಗೆ ಮಸುಕು ಸೆಲ್ಲೋಟೇಪಿನ ಪುಟ್ಟ ತುಂಡು ಅಂಟಿಸು. ಖಾಲಿ ಬಂದೂಕು ಹೆಗಲಿಗಿಟ್ಟು, ಎಡಗಣ್ಣಿಗೆ ನಳಿಗೆ ತುದಿಯ ಮಣಿ ಕಾಣದಂತೆ ಇನ್ನೊಬ್ಬರು ಜಾಗ ನೋಡಿ ಅಂಟಿಸಬೇಕು, ಒಬ್ಬರಿಗೇ ಆಗಲ್ಲ. ಉಳಿದ ಗಾಜೆಲ್ಲ ತೆರೆದೇ ಇರಲಿ, ಹಕ್ಕಿ ಬರುವುದು ಅದರಿಂದಲೇ ಕಾಣಬೇಕು. ನಾಣ್ಯದಷ್ಟು ದೊಡ್ಡದು ಬೇಡ, ಅದರ ಅರ್ಧ ಸಾಕು.